ಹಲವು ತೋಟೆಗಳಿಗೆ ಒಂದೇ ಮದ್ದು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗುರಿಗಾರಿಕೆಯನ್ನು ಒಂದು ಶಿಸ್ತಿನ ವಿದ್ಯೆಯೆಂದು ಭಾವಿಸಿ ಅಭ್ಯಾಸಮಾಡುವ ಗೃಹಸ್ಥರಲ್ಲಿ ಅನೇಕರು, ತಮ್ಮ ಪಿಸ್ತೂಲು ರಿವಾಲ್ವರುಗಳಿಗೆ ಬೇಕಾದ ತೋಟೆಗಳನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕೆ ಬದಲಾಗಿ, ಒಮ್ಮೆ ಹಾರಿಸಿ ಮುಗಿದ ಹಿತ್ತಾಳೆಯ ಚಿಪ್ಪುಗಳನ್ನೇ ಆಯ್ದು ತಂದು, ಶುಚಿಗೊಳಿಸಿ, ಹೊಸ ಕೇಪನ್ನೂ ಹೊಸ ಮದ್ದನ್ನೂ ಹೊಸ ಗುಂಡನ್ನೂ ಅವುಗಳಲ್ಲಿ ಕೂರಿಸಿ, ಮನೆಯ ಒಂದು ಮೂಲೆಯ ಮೇಜಿನ ಮೇಲೆ ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ರೀಲೋಡಿಂಗ್ ಎಂದು ಅವರು ಕರೆಯುವ ಈ ಕಸುಬು ಅಲ್ಲಿ ನ್ಯಾಯಸಮ್ಮತವಾದುದು. ಅದಕ್ಕೆ ಬೇಕಾದ ಯಂತ್ರ, ತಕ್ಕಡಿ, ಕೈಪಿಡಿಗಳನ್ನು ಮಾರುವ ಹಳೆಯ ಸಂಸ್ಥೆಗಳೇ ಅಲ್ಲಿ ಉಂಟು. ಇಂಥ ಗೃಹಸ್ಥನ ಬಳಿ ಮೊದಲು ಇದ್ದ ಒಂದು ಆಯುಧ ಕಾಲಕ್ರಮದಲ್ಲಿ ಎರಡಾಗಿ, ಮೂರಾಗಿ, ನಾಲ್ಕಾಗಿ, ಒಂದೊಂದಕ್ಕೂ ಒಂದೊಂದು ಅಳತೆಯ ತೋಟೆ ಬೇಕಾಗುವ ಹೊತ್ತಿಗೆ, ಅಂಗಡಿಯ ಅಲಮಾರದಲ್ಲಿ ಹತ್ತಾರು ಹೆಸರಿನ ಮದ್ದಿನ ಡಬ್ಬಿಗಳು ಅವನನ್ನು ಎದುರುಗೊಳ್ಳುತ್ತವೆ. ಇವುಗಳಲ್ಲಿ ಯಾವುದಾದರೂ ಒಂದೇ ಒಂದು ಮದ್ದು ತನ್ನ ಎಲ್ಲ ತೋಟೆಗಳಿಗೂ ಸಾಕಾದೀತೇ ಎಂಬ ಪ್ರಶ್ನೆ ಅವನಲ್ಲಿ ಹುಟ್ಟುತ್ತದೆ. ಸರಳವೆಂದು ತೋರುವ ಈ ಪ್ರಶ್ನೆಯೊಳಗೆ ರಸಾಯನ, ಯಂತ್ರಶಾಸ್ತ್ರ, ಇತಿಹಾಸ, ಮಿತವ್ಯಯ ಇವೆಲ್ಲವೂ ಅಡಗಿರುವುದರಿಂದ ಅದು ವಿಚಾರಕ್ಕೆ ಯೋಗ್ಯವಾಗಿದೆ.

ಮಲೆನಾಡಿನ ಹಾಗೂ ಕೊಡಗಿನ ವಾಚಕರಿಗೆ ಕೇಪಿನ ಕೋವಿ, ತೋಟೆ ಕೋವಿ ಎಂಬ ಎರಡು ಜಾತಿಗಳ ಭೇದವನ್ನು ವಿವರಿಸಿ ಹೇಳಬೇಕಾದುದಿಲ್ಲ. ಕೇಪಿನ ಕೋವಿಯಲ್ಲಿ ನಳಿಗೆಯ ಬಾಯಿಂದ ಮದ್ದನ್ನು ಸುರಿದು, ನಾರನ್ನು ಗಜದಿಂದ ಗಿಡಿದು, ಚರೆಯನ್ನೋ ಗುಂಡನ್ನೋ ಇಳಿಬಿಟ್ಟು, ಹಿಂದಿನ ಮೊಲೆಗೆ ಕೇಪನ್ನು ತೊಡಿಸಬೇಕು. ಪ್ರತಿಯೊಂದು ಈಡೂ ಅಲ್ಲಿ ಹೊಸದಾಗಿ ತುಂಬಿದ ಈಡೇ. ಇವುಗಳಲ್ಲಿ ಕೇಪು, ಮದ್ದು, ಗುಂಡು ಈ ಮೂರನ್ನು ಒಂದೇ ಹಿತ್ತಾಳೆಯ ಚಿಪ್ಪಿನಲ್ಲಿ ಮುಂಚಿತವಾಗಿ ಜೋಡಿಸಿಟ್ಟರೆ ಅದು ತೋಟೆ. ಚಿಪ್ಪಿನ ಬುಡದಲ್ಲಿ ಪ್ರೈಮರ್ ಎಂಬ ಕೇಪು, ಒಡಲಲ್ಲಿ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಉಳಿಯುವುದು ಚಿಪ್ಪೊಂದೇ. ತೋಟೆಯ ಬೆಲೆಯಲ್ಲಿ ದೊಡ್ಡ ಪಾಲು ಅದರದಾಗಿದ್ದು, ಹಲವು ಸಾರಿ ಉಪಯೋಗಕ್ಕೆ ಬರಬಲ್ಲ ಆ ಲೋಹವನ್ನು ಬಿಸುಡಲಾರದ ಮಿತವ್ಯಯಬುದ್ಧಿಯೇ ಈ ಕಸುಬಿನ ಮೂಲ. ಭಾರತದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ತೋಟೆಯನ್ನು ತಯಾರಿಸುವುದು ನಿಷಿದ್ಧವಾದ ಕಾರಣ, ಇಲ್ಲಿ ಅದು ಗೃಹೋದ್ಯೋಗವಾಗಿ ಬೆಳೆಯಲಿಲ್ಲ. ಆದುದರಿಂದ ಮುಂದಿನ ವಿಚಾರವೆಲ್ಲವೂ ಅಮೆರಿಕದ ನೆಲಕ್ಕೆ ಸೇರಿದುದೆಂದು ವಾಚಕರು ಗ್ರಹಿಸತಕ್ಕದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಮದ್ದಿನ ಆಯ್ಕೆ ಎಂಬುದೊಂದು ಸಮಸ್ಯೆಯೇ ಆಗಿರಲಿಲ್ಲ. ಏಕೆಂದರೆ ಇದ್ದುದು ಒಂದೇ ಮದ್ದು. ಶ್ರೀರಂಗಪಟ್ಟಣದಲ್ಲಿ ಇಂದಿಗೂ ನಿಂತಿರುವ ಮದ್ದಿನಮನೆಗಳಲ್ಲಿ ಒಂದು ಕಾಲಕ್ಕೆ ತುಂಬಿದ್ದುದು ಯಾವುದೋ, ಅಮೆರಿಕದ ಗಡಿನಾಡಿನ ರಿವಾಲ್ವರುಗಳಲ್ಲಿ ಉರಿಯುತ್ತಿದ್ದುದೂ ಅದೇ: ಪೆಟ್ಲುಪ್ಪು, ಇದ್ದಲು, ಗಂಧಕಗಳ ಮಿಶ್ರಣವಾದ ಕರಿಮದ್ದು. ಉರಿದ ಮೇಲೆ ತನ್ನ ತೂಕದ ಅರ್ಧಕ್ಕೂ ಹೆಚ್ಚನ್ನು ಹೊಗೆಯಾಗಿ, ಕಿಟ್ಟವಾಗಿ ಉಳಿಸಿಹೋಗುವ ಈ ಪದಾರ್ಥದ ಪ್ರಭುತ್ವವನ್ನು ಕೊನೆಗಾಣಿಸಿದವನು ಫ್ರಾನ್ಸಿನ ಪಾಲ್ ವಿಯೆಯ್. 1884ರಲ್ಲಿ ಅವನು ನೈಟ್ರೋಸೆಲ್ಯುಲೋಸನ್ನು ಆಧಾರವಾಗಿಟ್ಟುಕೊಂಡು ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದನು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೋಗ್ಲಿಸರಿನನ್ನು ಸೇರಿಸಿ ಬ್ಯಾಲಿಸ್ಟೈಟ್ ಎಂಬ ದ್ವಿಮೂಲ ಮದ್ದನ್ನು ಹೊರತಂದನು. 1889ರಲ್ಲಿ ಇಂಗ್ಲೆಂಡಿನ ಏಬಲ್ ಮತ್ತು ಡ್ಯೂವರ್ ಕಾರ್ಡೈಟನ್ನು ರೂಪಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನೀಲಗಿರಿಯ ಕೂನೂರಿನ ಬಳಿ ಅರುವಂಕಾಡಿನಲ್ಲಿ ಬ್ರಿಟಿಷರು ಸ್ಥಾಪಿಸಿದ ಕಾರ್ಖಾನೆ ಈ ಕಾರ್ಡೈಟಿನ ಹೆಸರನ್ನೇ ಹೊತ್ತಿತು.

ಹೊಸ ಮದ್ದು ಬಂದಿತಾದರೂ ಹಳೆಯ ಚಿಪ್ಪುಗಳು ಹೋಗಲಿಲ್ಲವೆಂಬುದೇ ನಮ್ಮ ಪ್ರಶ್ನೆಯ ಗಂಟು. ಅಮೆರಿಕದ ಸೈನ್ಯ 1873ರಲ್ಲಿ ಸ್ವೀಕರಿಸಿದ .45 ಕೋಲ್ಟ್ ತೋಟೆಯನ್ನು ಕರಿಮದ್ದಿನ ದೊಡ್ಡ ಪ್ರಮಾಣಕ್ಕೆಂದೇ ಉದ್ದವಾಗಿ ನಿರ್ಮಿಸಲಾಗಿತ್ತು. 1898ರ ಸುಮಾರಿಗೆ ಬಂದ .38 ಸ್ಪೆಷಲ್ ಕೂಡ ಕರಿಮದ್ದಿನ ಲೆಕ್ಕಾಚಾರದಲ್ಲೇ ಜನಿಸಿದುದು. ಇವುಗಳ ಪಕ್ಕದಲ್ಲಿ, ಹೊಗೆರಹಿತ ಮದ್ದಿಗೆಂದೇ ಸಂಕ್ಷಿಪ್ತವಾಗಿ ರಚಿತವಾದ 1902ರ 9 ಮಿ.ಮೀ. ಲೂಗರ್ ಮತ್ತು ಜಾನ್ ಬ್ರೌನಿಂಗ್ ವಿರಚಿತವಾದ 1905ರ .45 ಎ.ಸಿ.ಪಿ. ತೋಟೆಗಳು ಗಿಡ್ಡ ಒಡಲಿನವು. ಆಮೇಲೆ 1935ರಲ್ಲಿ .357 ಮ್ಯಾಗ್ನಮ್, 1950ರ ದಶಕದ ನಡುವಿನಲ್ಲಿ .44 ಮ್ಯಾಗ್ನಮ್ ಎಂಬ ಮಹಾಬಲದ ತೋಟೆಗಳು ಹುಟ್ಟಿದವು. ಹೀಗೆ ಇಂದು ಒಬ್ಬನೇ ಗುರಿಗಾರನ ಪೆಟ್ಟಿಗೆಯಲ್ಲಿ ಮೂರು ಯುಗಗಳ ತೋಟೆಗಳು ಅಕ್ಕಪಕ್ಕದಲ್ಲಿರುತ್ತವೆ; ಅವನು ಹುಡುಕುವ ಒಂದೇ ಮದ್ದು ಈ ಮೂರು ಯುಗಗಳಿಗೂ ಸಲ್ಲಬೇಕಾಗುತ್ತದೆ.

ಆಕಾರಭೇದಕ್ಕಿಂತಲೂ ಗುರುತರವಾದುದು ಒತ್ತಡದ ಭೇದ. 1926ರಲ್ಲಿ ಸ್ಥಾಪಿತವಾದ ಅಮೆರಿಕದ ಆಯುಧ ತಯಾರಕರ ಸಂಸ್ಥೆ ಒಂದೊಂದು ತೋಟೆಗೂ ಇಷ್ಟೇ ಗರಿಷ್ಠ ಒತ್ತಡವೆಂದು ಮಿತಿ ವಿಧಿಸಿದೆ. ಚದರ ಅಂಗುಲಕ್ಕೆ ಪೌಂಡುಗಳ ಲೆಕ್ಕದಲ್ಲಿ .45 ಕೋಲ್ಟಿಗೆ 14,000, .38 ಸ್ಪೆಷಲ್ಲಿಗೆ 17,000, .45 ಎ.ಸಿ.ಪಿ.ಗೆ 21,000, ಆದರೆ 9 ಮಿ.ಮೀ. ಲೂಗರಿಗೂ .357 ಮ್ಯಾಗ್ನಮ್ಮಿಗೂ 35,000, .44 ಮ್ಯಾಗ್ನಮ್ಮಿಗೆ 36,000. .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಒಂದೇ ವ್ಯಾಸದ ಗುಂಡನ್ನು ಹಾರಿಸುವ ಸಹೋದರರಾದರೂ ಅವುಗಳ ಸಹನಶಕ್ತಿಯಲ್ಲಿ ಇಮ್ಮಡಿ ಅಂತರವಿರುವುದರಿಂದಲೇ, ಬಲವಾದ ತೋಟೆ ದುರ್ಬಲವಾದ ರಿವಾಲ್ವರಿನೊಳಕ್ಕೆ ಹೊಗದಂತೆ ಅದರ ಚಿಪ್ಪನ್ನು ಬೇಕೆಂದೇ ತುಸು ಉದ್ದ ಮಾಡಿದರು.

ಇನ್ನು ಮದ್ದಿನ ಸ್ವಭಾವ. ಹೊಗೆರಹಿತ ಮದ್ದು ಕಣದ ಮೇಲ್ಮೈಯಿಂದ ಒಳಮುಖವಾಗಿ ಉರಿಯುತ್ತ ಅನಿಲವನ್ನು ಬಿಡುಗಡೆ ಮಾಡತಕ್ಕ ಇಂಧನ. ಸುತ್ತಲಿನ ಒತ್ತಡ ಏರಿದಂತೆಲ್ಲ ಅದರ ಉರಿಯ ವೇಗವೂ ಏರುತ್ತದೆ. ಒಲೆಗೆ ಹಾಕಿದ ತೆಂಗಿನ ಗರಿ ಭಗ್ಗನೆ ಉರಿದು ಮುಗಿದರೆ ಹುಣಿಸೆಯ ಕೊರಡು ನಿಧಾನವಾಗಿ ನಿಂತು ಉರಿಯುವಂತೆ, ಕಣದ ಗಾತ್ರ, ಆಕಾರ, ಮೇಲಿನ ಲೇಪ ಇವುಗಳನ್ನು ವ್ಯತ್ಯಾಸಗೊಳಿಸಿ ತಯಾರಕರು ಶೀಘ್ರದಹನದ ಮದ್ದನ್ನೂ ಮಂದದಹನದ ಮದ್ದನ್ನೂ ಮಾಡುತ್ತಾರೆ. ಹಗುರವಾದ ಗುಂಡು, ಕಡಿಮೆ ಒತ್ತಡ, ಗಿಡ್ಡ ನಳಿಗೆ ಇರುವಲ್ಲಿ ಶೀಘ್ರದಹನದ ಮದ್ದು ಅಲ್ಪ ಪ್ರಮಾಣದಲ್ಲೇ ಕೆಲಸ ಮುಗಿಸುತ್ತದೆ. ಭಾರವಾದ ಗುಂಡನ್ನು ಮಹಾವೇಗಕ್ಕೆ ಏರಿಸಬೇಕಾದ ಮ್ಯಾಗ್ನಮ್ಮುಗಳಲ್ಲಿ, ಗುಂಡು ನಳಿಗೆಯಲ್ಲಿ ಮುಂದೆ ಸಾಗುತ್ತಿರುವಷ್ಟು ಹೊತ್ತೂ ಹಿಂದಿನಿಂದ ನೂಕುತ್ತಲೇ ಇರಬಲ್ಲ ಮಂದದಹನದ ಮದ್ದು ಅವಶ್ಯ. ಎರಡು ತುದಿಗಳೂ ಪರಸ್ಪರ ವಿರುದ್ಧವಾಗಿರುವುದರಿಂದ, ಎಲ್ಲ ತೋಟೆಗಳಿಗೂ ಏಕಕಾಲಕ್ಕೆ ಸರ್ವೋತ್ತಮವಾದ ಮದ್ದು ಇರಲಾರದೆಂಬುದು ಪ್ರಕೃತಿನಿಯಮದಿಂದಲೇ ಸಿದ್ಧವಾಗುತ್ತದೆ. ನಾವು ಅರಸತಕ್ಕದ್ದು ಎಲ್ಲಕ್ಕೂ ಸಾಕಷ್ಟು ಚೆನ್ನಾದ, ಯಾವುದಕ್ಕೂ ಅಪಾಯಕಾರಿಯಲ್ಲದ ಮಧ್ಯಮಮಾರ್ಗದ ಮದ್ದನ್ನು.

ಶೀಘ್ರದಹನದ ಪಂಕ್ತಿಯಲ್ಲಿ ಮೊದಲು ನೆನಪಿಗೆ ಬರುವುದು ಬುಲ್ಸ್‌ಐ. ಲಾಫ್ಲಿನ್ ಅಂಡ್ ರ‍್ಯಾಂಡ್ ಸಂಸ್ಥೆ 1898ರ ಸುಮಾರಿಗೆ ಹೊರತಂದ ಈ ಮದ್ದು, ಒಂದು ಶತಮಾನಕ್ಕೂ ಮೀರಿ ಪಿಸ್ತೂಲಿನ ಗುರಿಸ್ಪರ್ಧೆಗಳಲ್ಲಿ ತನ್ನ ಗೌರವವನ್ನು ಉಳಿಸಿಕೊಂಡು ಬಂದಿದೆ. ಇತ್ತೀಚಿನ ಟೈಟ್‌ಗ್ರೂಪ್ ಎಂಬುದೂ ಇದೇ ಜಾಯಮಾನದ್ದು. ದೊಡ್ಡ ಚಿಪ್ಪಿನೊಳಗೆ ಮದ್ದು ಮುಂದಕ್ಕೆ ಸರಿದಿದ್ದರೂ ಹಿಂದಕ್ಕೆ ಸರಿದಿದ್ದರೂ ವೇಗದಲ್ಲಿ ಹೆಚ್ಚು ವ್ಯತ್ಯಾಸವಾಗದೆಂಬುದು ಅದರ ಹಿರಿಮೆ. ಇಂಥ ಮದ್ದುಗಳು ಅಲ್ಪಪ್ರಮಾಣದಲ್ಲಿ ಸಾಲುವುದರಿಂದ ಖರ್ಚು ಕಡಿಮೆ. ಒಂದು ಪೌಂಡು ತೂಕದಲ್ಲಿ 7,000 ಗ್ರೇನುಗಳಿರುವುದರಿಂದ, ತೋಟೆಯೊಂದಕ್ಕೆ ಐದೇ ಗ್ರೇನುಗಳೆಂದು ಲೆಕ್ಕದ ಸೌಕರ್ಯಕ್ಕಾಗಿ ಭಾವಿಸಿದರೂ ಒಂದು ಡಬ್ಬಿಯಿಂದ 1,400 ತೋಟೆಗಳಾಗುತ್ತವೆ. ಆದರೆ ಈ ಅಲ್ಪತೆಯಲ್ಲೇ ಅಪಾಯವೂ ಅಡಗಿದೆ. ಕರಿಮದ್ದಿಗೆಂದು ನಿರ್ಮಿತವಾದ .38 ಸ್ಪೆಷಲ್ಲಿನ ಅಥವಾ .45 ಕೋಲ್ಟಿನ ವಿಶಾಲವಾದ ಒಡಲಿನ ತಳದಲ್ಲಿ ಈ ಮದ್ದು ಕಣ್ಣಿಗೆ ಕಾಣದಷ್ಟು ತಗ್ಗಿನಲ್ಲಿ ಕುಳಿತಿರುತ್ತದೆ; ಗಮನ ಒಂದು ಕ್ಷಣ ಬೇರೆಡೆಗೆ ಹರಿದಾಗ ಅದೇ ಚಿಪ್ಪಿಗೆ ಎರಡನೆಯ ಸಲ ಮದ್ದು ಬಿದ್ದರೂ ಅದು ಹೊರಚೆಲ್ಲುವುದಿಲ್ಲ, ಗುಂಡೂ ಯಾವ ಅಡ್ಡಿಯಿಲ್ಲದೆ ಕೂರುತ್ತದೆ. ಪ್ರಮಾಣ ಇಮ್ಮಡಿಯಾದರೆ ಒತ್ತಡ ಇಮ್ಮಡಿಗೂ ಮೀರಿ ಏರುವುದಾದ ಕಾರಣ, ಇದರ ಪರಿಣಾಮ ಒಡೆದ ಸಿಲಿಂಡರು, ಹಲವೊಮ್ಮೆ ಗಾಯಗೊಂಡ ಕೈ.

ಇನ್ನೊಂದು ತುದಿಯಲ್ಲಿರುವುದು 2400 ಮತ್ತು ಎಚ್-110 ಮುಂತಾದ ಮಂದದಹನದ ಮದ್ದುಗಳು. 1930ರ ದಶಕದ ಆರಂಭದಲ್ಲಿ ಹರ್ಕ್ಯುಲಿಸ್ ಸಂಸ್ಥೆ ಒಂದು ಸಣ್ಣ ರೈಫಲ್ ತೋಟೆಗೆಂದು ತಯಾರಿಸಿದ 2400ನ್ನು ಪಶ್ಚಿಮ ಪ್ರಾಂತದ ದನಗಾಹಿ, ಬೇಟೆಗಾರ, ಲೇಖಕ ಎಲ್ಮರ್ ಕೀತ್ .44 ಸ್ಪೆಷಲ್ ರಿವಾಲ್ವರಿನಲ್ಲಿ ಬಹುಕಾಲ ಪ್ರಯೋಗಿಸಿ ನೋಡಿದನು. ಅವನ ಆ ಹಟವೇ ಮುಂದೆ .44 ಮ್ಯಾಗ್ನಮ್ ತೋಟೆಯ ಜನ್ಮಕ್ಕೆ ಪ್ರೇರಣೆಯಾಯಿತು. ಮ್ಯಾಗ್ನಮ್ಮುಗಳಲ್ಲಿ ಇವುಗಳಿಗೆ ಸಮಾನವಾದುದಿಲ್ಲ. ಆದರೆ 9 ಮಿ.ಮೀ. ಲೂಗರಿನ ಗಿಡ್ಡ ಒಡಲಿನಲ್ಲಿ ಇಂಥ ಮದ್ದಿಗೆ ಎಡೆಯೂ ಇಲ್ಲ, ಉರಿದು ಮುಗಿಯಲು ಅವಕಾಶವೂ ಇಲ್ಲ. ಎಚ್-110ರಂಥದನ್ನು ತಯಾರಕರು ಹೇಳಿದುದಕ್ಕಿಂತ ಬಹಳ ಕಡಿಮೆ ಮಾಡಿ ಸೌಮ್ಯವಾದ ತೋಟೆಯನ್ನು ಮಾಡಹೊರಟರೆ ಉರಿ ಅರೆಬರೆಯಾಗಿ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುವ ಸಂಭವವಿದೆ. ಅದನ್ನರಿಯದೆ ಮತ್ತೊಂದು ಈಡು ಹಾರಿಸಿದವನ ಆಯುಧ ಉಳಿಯುವುದಿಲ್ಲ. ಆದಕಾರಣ ಒಂದೇ ಮದ್ದನ್ನು ಅರಸುವವನು ಈ ಪಂಕ್ತಿಯನ್ನು ನಿಸ್ಸಂಕೋಚವಾಗಿ ಬದಿಗಿಡಬಹುದು.

ಉಳಿಯುವುದು ನಡುವಿನ ಪಂಕ್ತಿ. ಅದರಲ್ಲಿ ಅಗ್ರತಾಂಬೂಲಕ್ಕೆ ಅರ್ಹವಾದುದು ಯೂನಿಕ್. 1900ರ ಸುಮಾರಿಗೆ ಲಾಫ್ಲಿನ್ ಅಂಡ್ ರ‍್ಯಾಂಡ್ ಸಂಸ್ಥೆಯಲ್ಲೇ ಹುಟ್ಟಿ, ಆ ಸಂಸ್ಥೆಯೊಡನೆ ಡುಪಾಂಟ್ ಒಡೆತನಕ್ಕೆ ಹೋಗಿ, 1912ರಲ್ಲಿ ಅಮೆರಿಕದ ನ್ಯಾಯಾಲಯ ಡುಪಾಂಟಿನ ಏಕಸ್ವಾಮ್ಯವನ್ನು ಒಡೆದಾಗ ಹರ್ಕ್ಯುಲಿಸ್ ಪಾಲಿಗೆ ಬಂದು, 1990ರ ದಶಕದಲ್ಲಿ ಅಲಯಂಟ್ ಎಂಬ ಹೆಸರಿನಡಿ ಸೇರಿದ ಈ ಮದ್ದು, ಇಷ್ಟು ಒಡೆಯರನ್ನು ಕಂಡೂ ತನ್ನ ಹೆಸರನ್ನಾಗಲಿ ಸ್ವಭಾವವನ್ನಾಗಲಿ ಬಿಟ್ಟುಕೊಟ್ಟುದಿಲ್ಲ. ಅದರ ಗುಣವೆಂದರೆ ದಹನದ ಮಧ್ಯಮವೇಗ ಒಂದು, ಕಣಗಳ ಉಬ್ಬುತನ ಮತ್ತೊಂದು. ಚಪ್ಪಟೆಯಾದ ಬಿಲ್ಲೆಯಾಕಾರದ ಅದರ ಕಣಗಳು ತೂಕಕ್ಕೆ ಹೋಲಿಸಿದರೆ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ದೊಡ್ಡ ಚಿಪ್ಪಿನಲ್ಲೂ ಮದ್ದಿನ ಮಟ್ಟ ಕಣ್ಣಿಗೆ ಕಾಣುವಷ್ಟು ಮೇಲೇರಿರುತ್ತದೆ. 9 ಮಿ.ಮೀ.ಯಂಥ ಗಿಡ್ಡ ಚಿಪ್ಪಿನಲ್ಲಿ ಎರಡನೆಯ ಸಲ ಬಿದ್ದ ಮದ್ದು ಬಹುಮಟ್ಟಿಗೆ ತುಳುಕಿ ತನ್ನನ್ನು ತಾನೇ ಪ್ರಕಟಿಸಿಕೊಳ್ಳುತ್ತದೆ. .38 ಸ್ಪೆಷಲ್, .45 ಕೋಲ್ಟ್, .44 ಸ್ಪೆಷಲ್, .45 ಎ.ಸಿ.ಪಿ., 9 ಮಿ.ಮೀ. ಇವೆಲ್ಲಕ್ಕೂ, ಅಷ್ಟೇಕೆ, ಮ್ಯಾಗ್ನಮ್ಮುಗಳ ಮಧ್ಯಮಬಲದ ತೋಟೆಗಳಿಗೂ ಅದರ ಪ್ರಮಾಣಗಳು ಹಳೆಯ ಹೊಸ ಕೈಪಿಡಿಗಳಲ್ಲೆಲ್ಲ ದೊರೆಯುತ್ತವೆ.

ದೋಷವಿಲ್ಲವೆಂದಲ್ಲ. ಚಪ್ಪಟೆ ಕಣಗಳು ಅಳತೆಯ ಯಂತ್ರದ ಕಂಡಿಯಲ್ಲಿ ಒಂದರ ಮೇಲೊಂದು ಅಡ್ಡಲಾಗಿ ನಿಂತು ಸೇತುವೆ ಕಟ್ಟುವ ಪ್ರವೃತ್ತಿಯುಳ್ಳವು. ಅದರ ಫಲವಾಗಿ ಒಂದು ಚಿಪ್ಪಿಗೆ ತುಸು ಕಡಿಮೆಯೂ ಮುಂದಿನದಕ್ಕೆ ತುಸು ಹೆಚ್ಚೂ ಬೀಳಬಹುದು. ಸೌಮ್ಯವಾದ ತೋಟೆಗಳಲ್ಲಿ ಯೂನಿಕ್ ಮಸಿಯನ್ನೂ ಉರಿಯದ ಕಣಗಳನ್ನೂ ಉಳಿಸುತ್ತದೆಂಬ ದೂರೂ ಬಹುಕಾಲದ್ದು. ತಯಾರಕರು ಆಮೇಲೆ ಅದನ್ನು ಹೆಚ್ಚು ಶುಚಿಯಾಗಿ ಉರಿಯುವಂತೆ ತಿದ್ದಿದರು. ಈ ಎರಡು ದೋಷಗಳನ್ನು ಸಹಿಸಲಾರದವರು ಆಶ್ರಯಿಸುವುದು ಗೋಲಾಕಾರದ ಮದ್ದುಗಳನ್ನು. 1930ರ ದಶಕದಲ್ಲಿ ವೆಸ್ಟರ್ನ್ ಕಾರ್ಟ್ರಿಜ್ ಸಂಸ್ಥೆಯ ಫ್ರೆಡ್ ಓಲ್ಸನ್ ಕಂಡುಹಿಡಿದ ವಿಧಾನದಿಂದ ತಯಾರಾಗುವ ಈ ಮದ್ದುಗಳ ಸಣ್ಣ ಕಣಗಳು ಯಂತ್ರದಿಂದ ನೀರಿನಂತೆ ಸರಾಗವಾಗಿ ಇಳಿಯುತ್ತವೆ. ಈ ವಂಶದಲ್ಲಿ ಬಹುಜನಾದರಣೀಯವಾದುದು ವಿಂಚೆಸ್ಟರ್ 231. ಎರಡನೆಯ ಮಹಾಯುದ್ಧದ ತರುವಾಯ ಸರಕಾರದ ಮಿಗತೆ ಮದ್ದನ್ನು ಕೊಂಡು ಮಾರುತ್ತ ಕ್ಯಾನ್ಸಸ್ ಪ್ರಾಂತದಲ್ಲಿ ವ್ಯಾಪಾರ ಆರಂಭಿಸಿದ ಬ್ರೂಸ್ ಹಾಜ್ಡನ್ನನ ಸಂಸ್ಥೆ ಇದೇ ಮದ್ದನ್ನು ಎಚ್.ಪಿ.-38 ಎಂಬ ಹೆಸರಿನಲ್ಲೂ ಮಾರುತ್ತದೆ. ಇದು ಯೂನಿಕ್‌ಗಿಂತ ತುಸು ಶೀಘ್ರ, ತುಸು ಸಾಂದ್ರ. 9 ಮಿ.ಮೀ., .45 ಎ.ಸಿ.ಪಿ., .38 ಸ್ಪೆಷಲ್ ಈ ಮೂರರಲ್ಲೇ ತೃಪ್ತನಾದವನಿಗೆ ಇದಕ್ಕಿಂತ ಅನುಕೂಲವಾದ ಸಂಗಾತಿ ಸುಲಭವಾಗಿ ಸಿಕ್ಕುವುದಿಲ್ಲ. ಹಾಜ್ಡನ್ನಿನ ಯೂನಿವರ್ಸಲ್ ಎಂಬ ಮದ್ದು ಯೂನಿಕ್‌ನ ನೆರೆಯಲ್ಲೇ ನಿಲ್ಲತಕ್ಕದ್ದು. ಒಂದು ದೊರೆಯದಾಗ ಮತ್ತೊಂದನ್ನು, ಆ ಮತ್ತೊಂದಕ್ಕೆಂದೇ ಕೈಪಿಡಿ ಹೇಳಿದ ಪ್ರಮಾಣಗಳೊಡನೆ, ಉಪಯೋಗಿಸಬಹುದು.

ದೊರೆಯದಾಗ ಎಂದೆವು, ಅದು ಕಲ್ಪಿತವಾದ ಮಾತಲ್ಲ. 2013ರ ಸುಮಾರಿನಲ್ಲೂ, ಮತ್ತೆ 2020ರ ಮಹಾಮಾರಿಯ ತರುವಾಯವೂ ಅಮೆರಿಕದ ಅಂಗಡಿಗಳಲ್ಲಿ ಮದ್ದಿನ ಮತ್ತು ಕೇಪುಗಳ ಅಭಾವ ತಲೆದೋರಿ, ತಿಂಗಳುಗಟ್ಟಲೆ ಅಲಮಾರಗಳು ಬರಿದಾಗಿದ್ದವು. ಹಲವು ತೋಟೆಗಳಿಗೆ ಹಲವು ಮದ್ದುಗಳನ್ನು ನಂಬಿದ್ದವರಿಗೆ ಆಗ ಯಾವುದಾದರೊಂದರ ಕೊರತೆ ಸದಾ ಕಾಡಿತು. ಒಂದನ್ನೇ ನಂಬಿ ಅದನ್ನು ಮಿತವಾಗಿ ಸಂಗ್ರಹಿಸಿದ್ದವನು ನಿಶ್ಚಿಂತನಾಗಿದ್ದನು. ಸಂಗ್ರಹಕ್ಕೂ ಒಂದು ಎಲ್ಲೆ ಉಂಟು: ಅಲ್ಲಿನ ಅಗ್ನಿರಕ್ಷಣಾ ಸಂಹಿತೆ ಮನೆಯಲ್ಲಿ ಮೂಲಡಬ್ಬಿಗಳಲ್ಲೇ 20 ಪೌಂಡುಗಳವರೆಗೆ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ, ಅದಕ್ಕೆ ಮೀರಿದುದನ್ನು ದಪ್ಪ ಹಲಗೆಯ ಮರದ ಪೆಟ್ಟಿಗೆಯಲ್ಲಿಡಬೇಕು, ಸ್ಥಳೀಯ ಶಾಸನಗಳು ಇನ್ನೂ ಬಿಗಿಯಾಗಿರಬಹುದು. ತಂಪಾದ, ಒಣಗಿದ ಸ್ಥಳದಲ್ಲಿಟ್ಟ ಮದ್ದು ಬಹುಕಾಲ ಕೆಡುವುದಿಲ್ಲ. ಡಬ್ಬಿಯ ಮುಚ್ಚಳ ತೆರೆದಾಗ ಹುಳಿಯಾದ ಘಾಟು ಬಂದರೆ, ಕೆಂಪು ಹೊಗೆಯೋ ತುಕ್ಕಿನಂಥ ಪುಡಿಯೋ ಕಂಡರೆ, ಅದರ ಆಯುಸ್ಸು ತೀರಿತೆಂದು ತಿಳಿದು ತ್ಯಜಿಸತಕ್ಕದ್ದು.

ಮಿತವ್ಯಯಕ್ಕಿಂತಲೂ ಅನುಕೂಲಕ್ಕಿಂತಲೂ ಹಿರಿದಾದ ಕಾರಣವೊಂದು ಒಂದೇ ಮದ್ದಿನ ಪಕ್ಷದಲ್ಲಿದೆ, ಅದು ಸುರಕ್ಷತೆ. ಕೆಲಸದ ಮೇಜಿನ ಮೇಲೆ ಒಂದು ವೇಳೆಗೆ ಒಂದೇ ಮದ್ದಿನ ಡಬ್ಬಿ ಇರತಕ್ಕದ್ದೆಂಬುದು ಈ ಕಸುಬಿನ ಮೊದಲ ಸೂತ್ರ. ಏಕೆಂದರೆ ಬೂದುಬಣ್ಣದ ಸಣ್ಣ ಬಿಲ್ಲೆಗಳನ್ನು ಬೂದುಬಣ್ಣದ ಮತ್ತೊಂದು ಜಾತಿಯ ಬಿಲ್ಲೆಗಳಿಂದ ಕಣ್ಣಾಗಲಿ ಮೂಗಾಗಲಿ ಬೇರ್ಪಡಿಸಲಾರವು. ಯಂತ್ರದ ಬಟ್ಟಲಿನಲ್ಲಿ ಉಳಿದುಹೋದ ಮದ್ದು ಯಾವುದೆಂಬ ಸಂಶಯ ಬಂದ ಕ್ಷಣದಲ್ಲಿ ಅದನ್ನು ಎಸೆಯುವುದಲ್ಲದೆ ಬೇರೆ ಮಾರ್ಗವಿಲ್ಲ. ಎರಡು ಮದ್ದುಗಳನ್ನು ಬೆರಸಿ ನಡುವಿನ ವೇಗವನ್ನು ಸಾಧಿಸುತ್ತೇನೆಂಬುದು ಅವಿವೇಕದ ಪರಾಕಾಷ್ಠೆ. ಹೆಸರಿನ ಸಾದೃಶ್ಯವನ್ನೂ ನಂಬಕೂಡದು: ಎಚ್-4895 ಮತ್ತು ಐ.ಎಂ.ಆರ್.-4895 ಎಂಬ ಎರಡು ರೈಫಲ್ ಮದ್ದುಗಳು ಅಂಕಿಯಲ್ಲಿ ಒಂದೇ ಆದರೂ ಸ್ವಭಾವದಲ್ಲಿ ಬೇರೆ. ಮನೆಯಲ್ಲಿ ಒಂದೇ ಜಾತಿಯ ಪಿಸ್ತೂಲು ಮದ್ದು ಇದ್ದರೆ ಈ ಗೊಂದಲಗಳ ಬೇರೇ ಕತ್ತರಿಸಿದಂತಾಗುತ್ತದೆ. ಆದರೆ ಮದ್ದು ಒಂದಾದ ಮಾತ್ರಕ್ಕೆ ಪ್ರಮಾಣ ಒಂದಾಗುವುದಿಲ್ಲವೆಂಬುದನ್ನು ಮರೆಯಕೂಡದು. ತೋಟೆ ಬದಲಾದರೆ, ಗುಂಡಿನ ತೂಕ ಬದಲಾದರೆ, ಗುಂಡು ಸೀಸದ್ದೋ ತಾಮ್ರದ ಹೊದಿಕೆಯದ್ದೋ ಎಂಬುದು ಬದಲಾದರೆ, ಚಿಪ್ಪಿನೊಳಗೆ ಅದು ಎಷ್ಟು ಆಳಕ್ಕೆ ಕೂತಿತೆಂಬುದು ಬದಲಾದರೂ ಪ್ರಮಾಣ ಬದಲಾಗಬೇಕು, 9 ಮಿ.ಮೀ.ಯಂಥ ಗಿಡ್ಡ ತೋಟೆಯಲ್ಲಿ ಗುಂಡು ಕೂದಲೆಳೆಯಷ್ಟು ಹೆಚ್ಚು ಒಳಸರಿದರೂ ಒತ್ತಡ ಏರುತ್ತದೆ. ಈ ಪ್ರಮಾಣಗಳಿಗೆ ಆಕರ ಒಂದೇ: ಮದ್ದಿನ ತಯಾರಕರದೋ, ಲೈಮನ್, ಸ್ಪಿಯರ್, ಹಾರ್ನಡಿಗಳಂಥ ಪ್ರತಿಷ್ಠಿತ ಸಂಸ್ಥೆಗಳದೋ ಇತ್ತೀಚಿನ ಕೈಪಿಡಿ. ಅಲ್ಲಿ ಹೇಳಿದ ಕನಿಷ್ಠ ಪ್ರಮಾಣದಿಂದ ಆರಂಭಿಸುವುದೇ ವಿವೇಕ.

ಇಷ್ಟು ವಿಮರ್ಶೆಯಿಂದ ಹೊರಡುವ ತೀರ್ಪು ಸ್ಪಷ್ಟವಾಗಿದೆ. ಹಳೆಯ ರಿವಾಲ್ವರುಗಳ ದೊಡ್ಡ ತೋಟೆಗಳನ್ನೂ ಹೊಸ ಪಿಸ್ತೂಲುಗಳ ಗಿಡ್ಡ ತೋಟೆಗಳನ್ನೂ ಒಟ್ಟಿಗೆ ಪೋಷಿಸಬೇಕಾದವನು ಯೂನಿಕ್ ಅಥವಾ ಅದರ ನೆರೆಯ ಮಧ್ಯಮವೇಗದ ಉಬ್ಬುಮದ್ದನ್ನು ವರಿಸಲಿ. ಪಿಸ್ತೂಲುಗಳನ್ನೇ ಮುಖ್ಯವಾಗಿ ಉಪಯೋಗಿಸುವವನು, ಅಳತೆಯ ಸರಾಗತೆಗೆ ಬೆಲೆ ಕೊಡುವವನು, ಪ್ರತಿಯೊಂದು ಚಿಪ್ಪಿನೊಳಕ್ಕೂ ದೀಪದ ಬೆಳಕಿನಲ್ಲಿ ಇಣಿಕಿ ನೋಡುವ ಅಭ್ಯಾಸವನ್ನು ಬಿಡದವನು ವಿಂಚೆಸ್ಟರ್ 231ನ್ನು ವರಿಸಲಿ. ಮ್ಯಾಗ್ನಮ್ಮುಗಳ ಪೂರ್ಣಬಲವೇ ಬೇಕೆಂಬವನು ಅದಕ್ಕೆ ಪ್ರತ್ಯೇಕವಾದ ಮಂದದಹನದ ಮದ್ದೊಂದನ್ನು ತರಲೇಬೇಕೆಂದು ಒಪ್ಪಿಕೊಳ್ಳಲಿ. ಆ ದೇಶದಲ್ಲಿ ನೆಲಸಿ ಈ ಹವ್ಯಾಸದ ಕಡೆಗೆ ಒಲಿದಿರುವ ಕನ್ನಡಿಗರು ಯಾರಾದರೂ ಇದ್ದರೆ ಅವರಿಗೆ ನಮ್ಮ ವಿನಂತಿ ಇಷ್ಟೇ: ಮದ್ದಿನ ಡಬ್ಬಿಯನ್ನು ಕೊಳ್ಳುವ ಮೊದಲು ಒಳ್ಳೆಯ ಕೈಪಿಡಿಯನ್ನೂ ನಂಬಲರ್ಹವಾದ ತಕ್ಕಡಿಯನ್ನೂ ಕೊಳ್ಳಿರಿ, ಅವೆರಡೂ ಇಲ್ಲದ ಮೇಜಿನ ಮೇಲೆ ಎಷ್ಟೇ ಉತ್ತಮವಾದ ಮದ್ದೂ ಸುರಕ್ಷಿತವಲ್ಲ.